ಹುತ್ತ ಕಟ್ಟಿದ ಕುಂಬಾರ ಯಾರು?

ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಅವರ ‘ಕಾಸ್ಮಾಸ್’ ಪುಸ್ತಕ 1980ರಲ್ಲಿ ಹೊರಬಂದಿತು. ಬ್ರಹ್ಮಾಂಡದ ಆದಿ ಅಂತ್ಯಗಳನ್ನು ಚರ್ಚಿಸುವ ಅಧ್ಯಾಯದ ಮೊದಲಿಗೆ ಅವರು ಆರಿಸಿಟ್ಟ ಮಾತುಗಳಲ್ಲಿ ಒಂದು ‘ಮಹಾಪುರಾಣ’ದ್ದು. ಅದನ್ನು ಬರೆದವರು ಒಂಬತ್ತನೇ ಶತಮಾನದ ಜಿನಸೇನಾಚಾರ್ಯರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದ್ದು ಇವರನ್ನೇ. ಇಂದು ಕಲಬುರಗಿ ಜಿಲ್ಲೆಯಲ್ಲಿರುವ ಮಳಖೇಡ ಆಗ ಆ ಸಾಮ್ರಾಜ್ಯದ ರಾಜಧಾನಿ. ‘ಕವಿರಾಜಮಾರ್ಗ’ ಹುಟ್ಟಿದ ಆಳ್ವಿಕೆಯಲ್ಲೇ, ದೇವರು ಲೋಕವನ್ನು ಸೃಷ್ಟಿಸಿದನೆಂಬ ನಂಬಿಕೆಯನ್ನು ಎಳೆಎಳೆಯಾಗಿ ಬಿಡಿಸಿ ಪ್ರಶ್ನಿಸುವ ಸಂಸ್ಕೃತ ಶ್ಲೋಕಗಳೂ ಹುಟ್ಟಿದವು. ಪಂಪ 941ರಲ್ಲಿ ಕನ್ನಡಕ್ಕೆ ಕೊಟ್ಟ ‘ಆದಿಪುರಾಣ’ದ ಆಕರ ಈ ಗ್ರಂಥವೇ.

ಜಿನಸೇನರ ಪ್ರಶ್ನೆಗಳು ಇಂದು ಓದಿದರೂ ತಾಜಾ. ಸೃಷ್ಟಿಗೆ ಮೊದಲು ದೇವರು ಎಲ್ಲಿ ನಿಂತಿದ್ದ? ಯಾವ ಆಸರೆಯೂ ಬೇಡವೆನ್ನುವುದಾದರೆ ಈಗೆಲ್ಲಿದ್ದಾನೆ? ಲೋಕವನ್ನು ಯಾವ ಸಾಮಗ್ರಿಯಿಂದ ಮಾಡಿದ? ಸಾಮಗ್ರಿಯನ್ನೂ ಅವನೇ ಮಾಡಿದ್ದಾದರೆ ಅದಕ್ಕೆ ಇನ್ನೊಂದು ಸಾಮಗ್ರಿ ಬೇಕು, ಆ ಸರಪಳಿಗೆ ಕೊನೆಯಿಲ್ಲ. ಸಾಮಗ್ರಿ ತಾನಾಗಿಯೇ ಇತ್ತೆಂದರೆ ಲೋಕವೂ ತಾನಾಗಿಯೇ ಇರಬಾರದೇಕೆ? ಅವನು ಪರಿಪೂರ್ಣನಾದರೆ ಸೃಷ್ಟಿಸುವ ಬಯಕೆ ಬಂದದ್ದು ಎಲ್ಲಿಂದ? ಕರುಣೆಯಿಂದ ಸೃಷ್ಟಿಸಿದನೆಂದರೆ ಎಲ್ಲರನ್ನೂ ಸುಖಿಗಳನ್ನಾಗಿಯೇ ಏಕೆ ಮಾಡಲಿಲ್ಲ?

ಇದನ್ನೆಲ್ಲ ಕೇಳಿದವರು ಕಠೋರ ವ್ರತಧಾರಿಯಾದ ಒಬ್ಬ ಮುನಿ. ದೇವರ ಬಗ್ಗೆ ಪ್ರಶ್ನೆ ಎತ್ತುವುದು ಪಶ್ಚಿಮದಿಂದ ಬಂದ ಚಾಳಿ, ನಮ್ಮದು ಶ್ರದ್ಧೆಯ ನಾಡು ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆ ಮಾತು ಚರಿತ್ರೆಗೆ ಮಾಡುವ ಅನ್ಯಾಯ. ಈಶ್ವರನಿದ್ದಾನೆಯೇ ಎಂಬ ಪ್ರಶ್ನೆಯನ್ನು ಈ ನೆಲದಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ಹೇತು, ದೃಷ್ಟಾಂತ, ಪೂರ್ವಪಕ್ಷ, ಸಿದ್ಧಾಂತಗಳನ್ನಿಟ್ಟುಕೊಂಡು ವಾದಿಸಲಾಗಿದೆ. ಇನ್ನೂ ಗಮನಿಸಬೇಕಾದ ಸಂಗತಿಯೆಂದರೆ, ‘ದೇವರನ್ನು ತರ್ಕದಿಂದ ಸಾಧಿಸಲಾಗದು’ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಪರಮ ಭಕ್ತರೇ ಮುಂಚೂಣಿಯಲ್ಲಿದ್ದರು.

ಈ ವಾದದಲ್ಲಿ ದೇವರ ಪರವಾಗಿ ನಿಂತ ದರ್ಶನ ನ್ಯಾಯ. ಗೌತಮನ ‘ನ್ಯಾಯಸೂತ್ರ’ದಲ್ಲಿ ಈಶ್ವರನಿಗೆ ಸಿಕ್ಕಿದ್ದು ನಾಲ್ಕನೇ ಅಧ್ಯಾಯದ ಮೂರು ಸೂತ್ರಗಳಷ್ಟು ಜಾಗ. ಆಮೇಲೆ ಬಂದ ಉದ್ಯೋತಕರ, ವಾಚಸ್ಪತಿ ಮಿಶ್ರ, ಕಾಶ್ಮೀರದ ಜಯಂತ ಭಟ್ಟ ಮೊದಲಾದವರು ಅದನ್ನು ಒಂದು ಪೂರ್ಣ ವಾದವಾಗಿ ಬೆಳೆಸಿದರು. ವಾದದ ಎಲುಬು ಬಹಳ ಸರಳ. ಭೂಮಿ, ಬೆಟ್ಟ, ಮೊಳಕೆ ಮುಂತಾದವಕ್ಕೆ ಒಬ್ಬ ಕರ್ತೃ ಇರಲೇಬೇಕು. ಏಕೆಂದರೆ ಅವು ಕಾರ್ಯಗಳು, ಅಂದರೆ ಉಂಟಾದ ವಸ್ತುಗಳು. ಉಂಟಾದದ್ದಕ್ಕೆಲ್ಲ ಕರ್ತೃ ಇರುತ್ತಾನೆ, ಮಡಕೆಗೆ ಕುಂಬಾರನಿರುವ ಹಾಗೆ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವ ದಾರಿಯೇ ಇದು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆಂಬ ನಿಯಮಕ್ಕೆ ವ್ಯಾಪ್ತಿ ಎಂದು ಹೆಸರು. ಕಾರ್ಯಕ್ಕೂ ಕರ್ತೃವಿಗೂ ನಡುವೆ ಅಂಥದೇ ವ್ಯಾಪ್ತಿ ಇದೆ ಎನ್ನುವುದು ನೈಯಾಯಿಕರ, ಅಂದರೆ ನ್ಯಾಯದರ್ಶನದವರ, ನಿಲುವು.

ಬೆಟ್ಟ ‘ಉಂಟಾದದ್ದು’ ಎಂದು ಯಾರು ಹೇಳಿದರು? ಅದು ಹುಟ್ಟಿದ್ದನ್ನು ಕಂಡವರಿಲ್ಲವಲ್ಲ? ನೈಯಾಯಿಕರ ಉತ್ತರ ಸಿದ್ಧವಿತ್ತು. ಬೆಟ್ಟಕ್ಕೆ ಬಿಡಿ ಭಾಗಗಳಿವೆ, ಭಾಗಗಳಿರುವುದೆಲ್ಲ ಎಂದೋ ಕೂಡಿ ಆದದ್ದು. ಪರಮಾಣುಗಳು ಮಾತ್ರ ನಿತ್ಯ. ಅಂದಮೇಲೆ ನೈಯಾಯಿಕರ ಈಶ್ವರ ಶೂನ್ಯದಿಂದ ಲೋಕವನ್ನು ಸೃಷ್ಟಿಸುವವನಲ್ಲ. ಆಗಲೇ ಇರುವ ಪರಮಾಣುಗಳನ್ನು, ಜೀವರ ಪಾಪಪುಣ್ಯಗಳಿಗೆ ತಕ್ಕಂತೆ, ಜೋಡಿಸುವವನು.

ಈ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟವನು ಬೌದ್ಧ ತಾರ್ಕಿಕ ಧರ್ಮಕೀರ್ತಿ. ಅವನ ‘ಪ್ರಮಾಣವಾರ್ತಿಕ’ ಈ ವಾದದ ಬುಡಕ್ಕೇ ಕೈಹಾಕುತ್ತದೆ. ಒಂದು ಪಾಳು ಮನೆಯನ್ನು ಕಂಡರೆ ಯಾರೋ ಕಟ್ಟಿದ್ದಾರೆ ಎಂದುಕೊಳ್ಳುತ್ತೇವೆ, ಏಕೆಂದರೆ ಮನೆಗಳನ್ನು ಮನುಷ್ಯರು ಕಟ್ಟುವುದನ್ನು ನೋಡಿದ್ದೇವೆ. ಬೆಟ್ಟಗಳನ್ನು ಕಟ್ಟುವುದನ್ನು ಯಾರು ನೋಡಿದ್ದಾರೆ? ಎರಡಕ್ಕೂ ‘ರಚನೆ’ ಎಂಬ ಒಂದೇ ಹೆಸರು ಅಂಟಿಸಿ, ಒಂದಕ್ಕೆ ಕರ್ತೃವಿದ್ದಾನೆ, ಆದ್ದರಿಂದ ಇನ್ನೊಂದಕ್ಕೂ ಇದ್ದಾನೆ ಎಂದರೆ ಅದು ಹೆಸರಿನ ಬಲದಿಂದ ಗೆದ್ದ ವಾದ. ಹಾಗೆ ವಾದಿಸುವುದಾದರೆ ಹುತ್ತವನ್ನೂ ಕುಂಬಾರನೇ ಮಾಡಿದನೆನ್ನಬೇಕಾಗುತ್ತದೆ. ಮಡಕೆಯೂ ಮಣ್ಣಿನ ವಿಕಾರ, ಹುತ್ತವೂ ಮಣ್ಣಿನ ವಿಕಾರ ತಾನೇ?

ಧರ್ಮಕೀರ್ತಿಯ ಇನ್ನೊಂದು ಉದಾಹರಣೆ ಇನ್ನೂ ಚುರುಕು. ಚೈತ್ರನೆಂಬವನಿಗೆ ಆಯುಧ ತಗುಲಿ ಗಾಯವಾಯಿತು, ಔಷಧ ಹಚ್ಚಿದ್ದರಿಂದ ವಾಸಿಯಾಯಿತು. ಕಾರಣಗಳು ಕಣ್ಣೆದುರಿಗೇ ಇವೆ. ಆಮೇಲೂ ಇನ್ನೊಂದು ಕಾರಣವನ್ನು ಕಲ್ಪಿಸಲೇಬೇಕೆಂದರೆ ಅಲ್ಲೇ ಪಕ್ಕದಲ್ಲಿ ಸುಮ್ಮನೆ ನಿಂತಿರುವ ಮರದ ಮೋಟನ್ನೇ ಕಾರಣವೆನ್ನಬಾರದೇಕೆ? ಯಾವ ಬದಲಾವಣೆಯೂ ಇಲ್ಲದ ನಿತ್ಯವಸ್ತುವೊಂದು ಇಂದು ಮಳೆಗೂ ನಾಳೆ ಬಿಸಿಲಿಗೂ ಕಾರಣವಾಗುವುದು ಹೇಗೆ ಎಂಬ ಪ್ರಶ್ನೆ ಈ ಉದಾಹರಣೆಯ ಬೆನ್ನಿಗಿದೆ.

ಬೌದ್ಧರು ಮತ್ತು ಜೈನರು ವೇದವನ್ನು ಒಪ್ಪದವರು, ಅವರು ಈಶ್ವರನನ್ನು ನಿರಾಕರಿಸಿದ್ದರಲ್ಲಿ ಆಶ್ಚರ್ಯವೇನು ಎನ್ನಬಹುದು. ಕುಮಾರಿಲ ಭಟ್ಟನ ಬಗ್ಗೆ ಹಾಗೆನ್ನಲು ಬರುವುದಿಲ್ಲ. ವೇದದ ಪ್ರಾಮಾಣ್ಯವನ್ನು ಬೌದ್ಧರ ವಿರುದ್ಧ ಅವನಷ್ಟು ಆವೇಶದಿಂದ ಎತ್ತಿಹಿಡಿದವರು ಕಡಿಮೆ. ಯಜ್ಞಗಳ ವಿಧಿ ನಿಷೇಧಗಳಲ್ಲಿ ಮುಳುಗೆದ್ದ ಮೀಮಾಂಸಕ ಅವನು. ಹೀಗಿದ್ದೂ ‘ಶ್ಲೋಕವಾರ್ತಿಕ’ದಲ್ಲಿ ಸೃಷ್ಟಿಕರ್ತನ ಕಲ್ಪನೆಯನ್ನು ಅವನು ಒಂದಿಷ್ಟೂ ಮುಲಾಜಿಲ್ಲದೆ ಒರೆಗೆ ಹಚ್ಚುತ್ತಾನೆ. ಸೃಷ್ಟಿಗೆ ಮುಂಚೆ ಪ್ರಜಾಪತಿಯಿದ್ದುದನ್ನು ಕಂಡು ಹೇಳಿದವರು ಯಾರು, ಆಗ ಯಾರೂ ಇರಲಿಲ್ಲವಲ್ಲ? ಶರೀರವಿಲ್ಲದವನಿಗೆ ಸೃಷ್ಟಿಸುವ ಇಚ್ಛೆ ಎಲ್ಲಿಂದ ಬಂತು? ಶರೀರವಿತ್ತೆಂದರೆ ಆ ಶರೀರವನ್ನು ಮಾಡಿದವರು ಯಾರು? ಉದ್ದೇಶವಿಲ್ಲದೆ ದಡ್ಡನೂ ಕೆಲಸಕ್ಕೆ ಕೈಹಾಕುವುದಿಲ್ಲ, ಹಾಗಾದರೆ ದೇವರ ಉದ್ದೇಶವೇನು? ಕರುಣೆಯೆಂದರೆ, ಜೀವಿಗಳೇ ಇಲ್ಲದಾಗ ಕರುಣೆ ಯಾರ ಮೇಲೆ? ಆಟಕ್ಕಾಗಿ ಸೃಷ್ಟಿಸಿದನೆಂದರೆ ಅವನ ತೃಪ್ತಿಗೆ ಏನೋ ಕೊರತೆಯಿತ್ತೆಂದಾಯಿತು.

ಕುಮಾರಿಲನಿಗೆ ಇದರ ಅಗತ್ಯವೇನಿತ್ತು? ವೇದಕ್ಕೆ ಕರ್ತೃವೇ ಇಲ್ಲ, ಅದು ಅಪೌರುಷೇಯ ಎನ್ನುವುದು ಮೀಮಾಂಸೆಯ ಅಡಿಗಲ್ಲು. ವೇದ ದೇವರ ಮಾತೆಂದು ಒಪ್ಪಿದರೆ ದೇವರ ನಂಬಿಕಸ್ತಿಕೆಯನ್ನು ಬೇರೆ ಸಾಧಿಸಬೇಕು. ದೇವರನ್ನು ವೇದದಿಂದ, ವೇದವನ್ನು ದೇವರಿಂದ ಸಾಧಿಸಹೊರಟರೆ ವಾದ ಸುತ್ತಿದಲ್ಲೇ ಸುತ್ತುತ್ತದೆ. ಆದ್ದರಿಂದ ಸೃಷ್ಟಿಕರ್ತನನ್ನೇ ಬದಿಗಿಟ್ಟು ಧರ್ಮವನ್ನು ಉಳಿಸಿಕೊಂಡ. ವೇದದ ಯಜ್ಞವಿಧಿಗಳನ್ನು ಎತ್ತಿಹಿಡಿಯುತ್ತಲೇ, ಲೋಕಕ್ಕೊಬ್ಬ ಕರ್ತೃವಿಲ್ಲವೆಂದು ತರ್ಕಬದ್ಧವಾಗಿ ವಾದಿಸುವ ವಿದ್ವಾಂಸ ಈ ದೇಶದಲ್ಲಿ ಬಾಳಿದ್ದ, ಗೌರವ ಪಡೆದಿದ್ದ. ಆಸ್ತಿಕರೆಲ್ಲ ಒಂದು ಕಡೆ, ಪ್ರಶ್ನೆ ಕೇಳುವವರೆಲ್ಲ ಇನ್ನೊಂದು ಕಡೆ ಎಂಬ ಇಂದಿನ ಸುಲಭ ವಿಂಗಡಣೆಯಲ್ಲಿ ಅವನಿಗೆ ಜಾಗವೇ ಇಲ್ಲ.

ಇಷ್ಟೆಲ್ಲ ಆಕ್ಷೇಪಗಳು ಗುಡ್ಡೆಬಿದ್ದ ಮೇಲೆ ಬಂದವನು ಮಿಥಿಲೆಯ ಉದಯನಾಚಾರ್ಯ. ಕಾಲ ಹತ್ತು–ಹನ್ನೊಂದನೇ ಶತಮಾನದ ಆಸುಪಾಸು. ಅವನ ‘ನ್ಯಾಯಕುಸುಮಾಂಜಲಿ’ ಐದು ಸ್ತಬಕಗಳ, ಅಂದರೆ ಐದು ಗೊಂಚಲುಗಳ, ಗ್ರಂಥ. ಭಾರತದಲ್ಲಿ ದೇವರ ಅಸ್ತಿತ್ವಕ್ಕಾಗಿ ಬರೆದ ಅತ್ಯಂತ ಸಮರ್ಥ ಗ್ರಂಥ ಇದೇ ಎನ್ನಲು ಅಡ್ಡಿಯಿಲ್ಲ. ಅವನು ಎದುರಾಳಿಗಳನ್ನು ಹೀಗಳೆದು ಮುಗಿಸುವುದಿಲ್ಲ. ಅವರ ಪ್ರತಿಯೊಂದು ಆಕ್ಷೇಪವನ್ನೂ ಎತ್ತಿಕೊಂಡು ಉತ್ತರಿಸುತ್ತ ಹೋಗುತ್ತಾನೆ.

‘ಕಾಣದ್ದು ಇಲ್ಲ’ ಎನ್ನುವ ಚಾರ್ವಾಕನಿಗೆ ಅವನು ಕೊಟ್ಟ ಉತ್ತರವನ್ನೇ ನೋಡಿ. ನೆಲದ ಮೇಲೆ ಮಡಕೆ ಕಾಣದಿದ್ದರೆ ಅಲ್ಲಿ ಮಡಕೆಯಿಲ್ಲವೆನ್ನಬಹುದು, ಏಕೆಂದರೆ ಇದ್ದಿದ್ದರೆ ಕಾಣಲೇಬೇಕಿತ್ತು. ಕಣ್ಣಿಗೆ ಬೀಳುವ ಯೋಗ್ಯತೆಯೇ ಇಲ್ಲದ ವಸ್ತುವಿನ ವಿಷಯದಲ್ಲಿ ಆ ಮಾತು ಸಲ್ಲದು. ಕಾಣದ್ದೆಲ್ಲ ಇಲ್ಲವೆನ್ನುವುದಾದರೆ ಮನೆಯಿಂದ ಹೊರಗೆ ಹೊರಟ ಚಾರ್ವಾಕ ಮರಳಿ ಬರಲೇಬಾರದು. ಹೆಂಡತಿ ಮಕ್ಕಳು ಕಣ್ಣಿಗೆ ಕಾಣುತ್ತಿಲ್ಲವಾದ್ದರಿಂದ ಅವರು ಇಲ್ಲವಾದರೆಂದು ಎದೆ ಬಡಿದುಕೊಂಡು ಅಳಬೇಕು. ದೂರದರ್ಶಕದಲ್ಲಿ ದೇವರು ಕಾಣಲಿಲ್ಲವೆಂಬ ವಾದವನ್ನು ಇವತ್ತು ಮುಂದಿಡುವವರೂ ಈ ಉತ್ತರವನ್ನು ದಾಟಿಯೇ ಹೋಗಬೇಕು.

ಐದನೇ ಸ್ತಬಕದಲ್ಲಿ ಬರುವ ಹೇತುಗಳ ಪಟ್ಟಿ ವಿದ್ವತ್ ಲೋಕದಲ್ಲಿ ಪ್ರಸಿದ್ಧ. ಕಾರ್ಯಕ್ಕೆ ಕರ್ತೃ ಬೇಕು. ಜಡವಾದ ಪರಮಾಣುಗಳನ್ನು ಮೊದಲ ಬಾರಿಗೆ ಕೂಡಿಸಲು ಚೇತನ ಬೇಕು. ಲೋಕ ಬೀಳದಂತೆ ಹಿಡಿದು ನಿಲ್ಲಿಸುವವನು ಬೇಕು. ಶಬ್ದಕ್ಕೂ ಅರ್ಥಕ್ಕೂ ನಡುವಿನ ಬಳಕೆಯನ್ನು ಕಲಿಸಿಕೊಟ್ಟ ಮೊದಲ ಗುರು ಬೇಕು. ವಾಕ್ಯಗಳಿರುವುದರಿಂದ ವೇದಕ್ಕೂ ಒಬ್ಬ ಕರ್ತೃ ಬೇಕು. ಹೀಗೆ ಮುಂದುವರಿಯುತ್ತದೆ. ಶರೀರವಿಲ್ಲದೆ ಕರ್ತೃವಾಗುವುದು ಹೇಗೆ ಎಂಬುದಕ್ಕೆ ಅವನ ಪರಂಪರೆಯ ಉತ್ತರ ಇದು: ಕರ್ತೃತ್ವಕ್ಕೆ ಬೇಕಾದದ್ದು ಸಾಮಗ್ರಿಯ ಜ್ಞಾನ, ಮಾಡುವ ಇಚ್ಛೆ, ಪ್ರಯತ್ನ ಈ ಮೂರೇ, ಕೈಕಾಲುಗಳು ಆ ಲಕ್ಷಣದೊಳಗೆ ಬರುವುದಿಲ್ಲ.

ಕಾಡಿನ ಹುಲ್ಲಿನ ಪ್ರಶ್ನೆಯಲ್ಲಿ ಮಾತ್ರ ಎರಡೂ ಕಡೆಯವರು ಪಟ್ಟುಬಿಡದೆ ಕಾದಾಡಿದರು. ಯಾರೂ ಬಿತ್ತದ, ಯಾರೂ ನೀರೆರೆಯದ ಹುಲ್ಲು ಕಾಡಿನಲ್ಲಿ ಮೊಳೆಯುತ್ತದೆ. ಅದು ಕಾರ್ಯ ಹೌದು, ಕರ್ತೃ ಎಲ್ಲಿ? ಅಂದಮೇಲೆ ಕಾರ್ಯಕ್ಕೆಲ್ಲ ಕರ್ತೃವಿದ್ದಾನೆಂಬ ವ್ಯಾಪ್ತಿ ಮುರಿದುಬಿತ್ತಲ್ಲ? ಇಲ್ಲ, ಎಂದರು ನೈಯಾಯಿಕರು. ಆ ಮೊಳಕೆಗೆ ಕರ್ತೃವಿದ್ದಾನೆಯೇ ಎನ್ನುವುದೇ ಇಲ್ಲಿ ಚರ್ಚೆಯ ವಿಷಯ; ಚರ್ಚೆಯಲ್ಲಿರುವ ವಸ್ತುವನ್ನೇ ಪ್ರತಿಸಾಕ್ಷಿಯಾಗಿ ತರುವಂತಿಲ್ಲ. ಬೌದ್ಧರ ಪಾಳಯದಿಂದ ಇದಕ್ಕೆ ಉತ್ತರ ಬಂದದ್ದು ವಿಕ್ರಮಶಿಲಾ ವಿಹಾರದ ರತ್ನಕೀರ್ತಿಯಿಂದ. ಹೊಗೆ–ಬೆಂಕಿಯ ನಂಟು ನಮಗೆ ತಿಳಿದದ್ದು ಬೆಂಕಿ ಇದ್ದಾಗ ಹೊಗೆಯನ್ನೂ, ಬೆಂಕಿ ಇಲ್ಲದಾಗ ಹೊಗೆ ಇಲ್ಲದ್ದನ್ನೂ ಕಂಡು. ದೇವರೋ ಯಾವತ್ತೂ ಕಾಣದವನು. ಕಾಣದವನು ಇಲ್ಲದಿರುವುದನ್ನು ಎಲ್ಲಿ ಕಾಣುವುದು? ‘ಅವನಿಲ್ಲದಿದ್ದರೆ ಕಾರ್ಯವೂ ಇರುತ್ತಿರಲಿಲ್ಲ’ ಎಂದು ಪರೀಕ್ಷಿಸುವ ದಾರಿಯೇ ಇಲ್ಲದಿದ್ದ ಮೇಲೆ ವ್ಯಾಪ್ತಿ ಸಿದ್ಧವಾಗುವುದು ಹೇಗೆ? ಪರೀಕ್ಷೆಗೆ ಒಡ್ಡಲಾಗದ ಸಿದ್ಧಾಂತದ ಬಗ್ಗೆ ಇಪ್ಪತ್ತನೇ ಶತಮಾನದ ವಿಜ್ಞಾನ ತತ್ತ್ವಜ್ಞರು ಎತ್ತಿದ ಆಕ್ಷೇಪದ ಹತ್ತಿರಕ್ಕೆ ರತ್ನಕೀರ್ತಿ ಆಗಲೇ ಬಂದಿದ್ದ.

ರತ್ನಕೀರ್ತಿಯ ಮಾತು ಇಂದು ನಮಗೆ ಸಿಗುತ್ತಿರುವುದೇ ಒಂದು ಭಾಗ್ಯ. ವಿಕ್ರಮಶಿಲಾ ನಾಶವಾದ ಮೇಲೆ ಭಾರತದಲ್ಲಿ ಅವನ ಗ್ರಂಥಗಳು ಕಣ್ಮರೆಯಾದವು. ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಟಿಬೆಟ್‌ನ ಮಠಗಳನ್ನು ಅಲೆದು ತಾಳೆಗರಿಗಳನ್ನು ಹುಡುಕದಿದ್ದರೆ ಈ ವಾದದ ಒಂದು ಮಗ್ಗುಲು ಕತ್ತಲಲ್ಲೇ ಉಳಿಯುತ್ತಿತ್ತು. 1957ರಲ್ಲಿ ಪಾಟ್ನಾದಿಂದ ಅವನ ಕೃತಿಗಳು ಅಚ್ಚಾದವು.

ಉದಯನನ ಬಗ್ಗೆ ಒಂದು ಐತಿಹ್ಯವಿದೆ. ಪುರಿಯ ಜಗನ್ನಾಥನ ಗುಡಿಗೆ ಹೋದಾಗ ಬಾಗಿಲು ಮುಚ್ಚಿತ್ತಂತೆ. ಐಶ್ವರ್ಯದ ಮದದಲ್ಲಿ ನನ್ನನ್ನು ಕಡೆಗಣಿಸುತ್ತೀಯೆ, ಬೌದ್ಧರು ಎದುರು ಬಂದಾಗ ನಿನ್ನ ಇರವು ನನ್ನ ಕೈಯಲ್ಲಿದೆ ಎಂದು ದೇವರಿಗೇ ಗದರಿದನಂತೆ. ಕಥೆ ನಿಜವೋ ಕಟ್ಟಿದ್ದೋ, ಜನ ಅವನನ್ನು ನೆನಪಿಟ್ಟುಕೊಂಡ ಬಗೆ ಅದು. ಕಥೆಗಿಂತ ಮಿಗಿಲಾದದ್ದು ‘ಕುಸುಮಾಂಜಲಿ’ಯ ಕೊನೆಯ ಪ್ರಾರ್ಥನೆ. ಇಷ್ಟು ವಾದಿಸಿದರೂ ಒಪ್ಪದವರಿದ್ದಾರೆ, ಆದರೆ ಅವರೂ ನಿನ್ನನ್ನು ಅಲ್ಲಗಳೆಯಲಿಕ್ಕಾದರೂ ಗಾಢವಾಗಿ ನಿನ್ನನ್ನೇ ಚಿಂತಿಸಿದವರು. ಕಾಲ ಬಂದಾಗ ಅವರನ್ನೂ ನೀನೇ ಉದ್ಧರಿಸಬೇಕು ಎಂದು ಅವನು ಬೇಡಿಕೊಳ್ಳುತ್ತಾನೆ. ಜೀವನವಿಡೀ ಎದುರು ನಿಂತು ವಾದಿಸಿದವರಿಗಾಗಿ ಬೇಡಿದ ಈ ಮಾತು ಆ ಕಾಲದ ವಾದಸಂಸ್ಕೃತಿಯ ಎತ್ತರವನ್ನು ತೋರಿಸುತ್ತದೆ.

ಉದಯನನ ಕೋಟೆಯನ್ನು ಮುಂದೆ ಒಡೆದವರು ಬೌದ್ಧರಷ್ಟೇ ಅಲ್ಲ. ಮೇಲುಕೋಟೆಯಲ್ಲಿ ಚೆಲುವನಾರಾಯಣನ ಸೇವೆಯನ್ನು ನೆಲೆಗೊಳಿಸಿದ ರಾಮಾನುಜರು ‘ಶ್ರೀಭಾಷ್ಯ’ದಲ್ಲಿ, ಬ್ರಹ್ಮಸೂತ್ರದ ಮೂರನೆಯ ಸೂತ್ರಕ್ಕೆ ವ್ಯಾಖ್ಯಾನ ಬರೆಯುತ್ತ, ಮಡಕೆ–ಕುಂಬಾರರ ಅನುಮಾನವನ್ನು ಪುಡಿಗಟ್ಟುತ್ತಾರೆ. ಬೆಟ್ಟ, ಸಮುದ್ರಗಳು ಉಂಟಾದವೆಂದೇ ಒಪ್ಪೋಣ. ಅವೆಲ್ಲ ಒಂದೇ ಕಾಲಕ್ಕೆ ಒಬ್ಬನಿಂದಲೇ ಆದವು ಎನ್ನಲು ಏನು ಆಧಾರ? ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕರ್ತೃಗಳು ಮಾಡಿರಬಾರದೇ? ಪುಣ್ಯದಿಂದ ಶಕ್ತಿ ಗಳಿಸಿದ ಜೀವರೇ ಮಾಡಿರಬಾರದೇ? ಕುಂಬಾರನನ್ನೇ ಮಾದರಿಯಾಗಿಟ್ಟುಕೊಂಡರೆ ಕುಂಬಾರನಿಗಿರುವ ಶರೀರವೂ, ಮಿತಿಗಳೂ ದೇವರಿಗೆ ಅಂಟಿಕೊಳ್ಳುತ್ತವೆ. ಹೀಗೆ ತರ್ಕದ ದಾರಿಯಲ್ಲಿ ಹೊರಟರೆ ಸಿಗುವವನು ನಾರಾಯಣನಲ್ಲ. ಅವನನ್ನು ತಿಳಿಸುವುದು ಶಾಸ್ತ್ರ ಮಾತ್ರ.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಬರೆದ, ಅವನು ತೀರಿಕೊಂಡ ಮೇಲೆ 1779ರಲ್ಲಿ ಪ್ರಕಟವಾದ ಸಹಜಧರ್ಮದ ಕುರಿತ ಸಂವಾದಗಳಲ್ಲಿ ಇದೇ ಆಕ್ಷೇಪ ಕೇಳಿಸುತ್ತದೆ. ಹಡಗನ್ನೋ ನಗರವನ್ನೋ ಕಟ್ಟಲು ಹಲವರು ಸೇರುತ್ತಾರೆ. ಲೋಕವನ್ನು ಕಟ್ಟಲು ಹಲವು ದೇವತೆಗಳು ಸೇರಿರಬಾರದೇಕೆ ಎಂದು ಅವನ ಪಾತ್ರವೊಂದು ಕೇಳುತ್ತದೆ. ಹ್ಯೂಮ್ ಧರ್ಮವನ್ನು ಸಂದೇಹಿಸಿದವನು, ರಾಮಾನುಜರು ಭಕ್ತಿಗೆ ಬಾಳನ್ನೇ ಕೊಟ್ಟವರು. ಆರು ಶತಮಾನಗಳ ಅಂತರದಲ್ಲಿ, ಪರಸ್ಪರ ಹೆಸರೂ ಕೇಳದ ಇವರಿಬ್ಬರ ತರ್ಕ ಒಂದೇ ಜಾಗಕ್ಕೆ ಬಂದು ನಿಂತದ್ದು ತತ್ತ್ವಶಾಸ್ತ್ರದ ಚರಿತ್ರೆಯ ದೊಡ್ಡ ಸೋಜಿಗಗಳಲ್ಲೊಂದು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರೂ ಈ ವಿಷಯದಲ್ಲಿ ರಾಮಾನುಜರ ಜೊತೆಗೇ ನಿಲ್ಲುತ್ತಾರೆ. ವಿಷ್ಣು ಸದಾಗಮದಿಂದ, ಅಂದರೆ ವೇದಾದಿ ಶಾಸ್ತ್ರಗಳಿಂದ, ಮಾತ್ರ ತಿಳಿಯತಕ್ಕವನು ಎನ್ನುವುದು ಅವರ ‘ವಿಷ್ಣುತತ್ತ್ವವಿನಿರ್ಣಯ’ದ ನಿಲುವು.

ಪಶ್ಚಿಮದಲ್ಲಿ ಈ ಕುಂಬಾರನ ವಾದಕ್ಕೆ ಹೊಸ ಹೊಳಪು ಬಂದದ್ದು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿಯಿಂದ. ಬಯಲಿನಲ್ಲಿ ಬಿದ್ದ ಗಡಿಯಾರ ಕಂಡರೆ ಅದನ್ನು ಮಾಡಿದವನೊಬ್ಬನಿದ್ದಾನೆಂದು ತಿಳಿಯುತ್ತದೆ, ಅದಕ್ಕಿಂತ ಸೂಕ್ಷ್ಮವಾದ ಕಣ್ಣಿಗೂ ಹಾಗೆಯೇ ಎಂದು ಅವನು 1802ರಲ್ಲಿ ಬರೆದ. ಕೇಂಬ್ರಿಡ್ಜ್‌ನಲ್ಲಿ ಓದುವಾಗ ಪೇಲಿಯನ್ನು ಮೆಚ್ಚಿದ್ದ ಚಾರ್ಲ್ಸ್ ಡಾರ್ವಿನ್‌ನೇ 1859ರಲ್ಲಿ, ಕರ್ತೃವಿನ ಯೋಜನೆಯಿಲ್ಲದೆ ಅಂಥ ರಚನೆಗಳು ರೂಪುಗೊಳ್ಳುವ ಬಗೆಯನ್ನು ತೋರಿಸಿದ. ಹುತ್ತಕ್ಕೆ ಕುಂಬಾರ ಬೇಡ ಎನ್ನುವ ಧರ್ಮಕೀರ್ತಿಯ ಆಕ್ಷೇಪಕ್ಕೆ ಡಾರ್ವಿನ್ ಜೀವಲೋಕದಿಂದ ಪುರಾವೆ ಕೊಟ್ಟ. ಮಧ್ಯಯುಗದ ಕ್ರೈಸ್ತ ಚಿಂತಕ ಆನ್ಸೆಲ್ಮ್‌ನ ಇನ್ನೊಂದು ಬಗೆಯ ವಾದ, ಅಂದರೆ ಅತ್ಯಂತ ಪರಿಪೂರ್ಣ ಎಂಬ ಕಲ್ಪನೆಯೊಳಗೇ ಇರವು ಅಡಗಿದೆ ಎನ್ನುವುದು, ವಿದ್ವಾಂಸರನ್ನು ಇಂದಿಗೂ ಕೆಣಕುತ್ತದೆ. ಇರವು ಒಂದು ಗುಣವಲ್ಲ ಎಂದು ಇಮ್ಯಾನ್ಯುಯೆಲ್ ಕಾಂಟ್ 1781ರಲ್ಲಿ ಅದಕ್ಕೆ ಕೊಟ್ಟ ಉತ್ತರ ಅಷ್ಟೇ ಪ್ರಸಿದ್ಧ.

ಡಾರ್ವಿನ್ ವಿವರಿಸಿದ್ದು ಜೀವಿಗಳನ್ನು. ವಿಶ್ವಕ್ಕೇ ಒಂದು ಆರಂಭವಿತ್ತೆಂದು ಭೌತವಿಜ್ಞಾನ ಹೇಳತೊಡಗಿದಾಗ ಹಳೆಯ ವಾದಕ್ಕೆ ಮತ್ತೆ ಜೀವ ಬಂದಿತು. ಆ ಆರಂಭದ ಸಿದ್ಧಾಂತಕ್ಕೆ ಬುನಾದಿ ಹಾಕಿದವರಲ್ಲೊಬ್ಬರು ಬೆಲ್ಜಿಯಂನ ಜಾರ್ಜ್ ಲಮೆತ್ರ್, ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಈ ವಿಜ್ಞಾನ ಸೃಷ್ಟಿಕರ್ತನಿಗೆ ಸಾಕ್ಷಿ ನುಡಿಯುತ್ತಿದೆ ಎಂಬರ್ಥದಲ್ಲಿ ಭಾಷಣ ಮಾಡಿದಾಗ ಲಮೆತ್ರ್‌ಗೆ ಅದು ಹಿಡಿಸಲಿಲ್ಲ. ತನ್ನ ಭೌತಸಿದ್ಧಾಂತ ದೇವರ ಪ್ರಶ್ನೆಯಿಂದ ಹೊರಗೇ ಇರಬೇಕೆಂಬುದು ಅವರ ಖಚಿತ ನಿಲುವಾಗಿತ್ತು. ನಂಬಿದ ದೇವರನ್ನು ಊಹೆಯ ಮೇಲೆ ನಿಲ್ಲಿಸಲು ಒಪ್ಪದ ರಾಮಾನುಜರ ಹಟವೇ ಇಲ್ಲಿ ಬೇರೊಂದು ವೇಷದಲ್ಲಿ ಕಾಣುತ್ತದೆ.

ಮಡಕೆ, ಮೊಳಕೆ, ಗಡಿಯಾರಗಳ ಚರ್ಚೆ ಪಂಡಿತರದು. ಸಾಮಾನ್ಯರನ್ನು ದೇವರ ವಿಷಯದಲ್ಲಿ ನಿದ್ದೆಗೆಡಿಸುವುದು ಬೇರೆಯೇ ಪ್ರಶ್ನೆ: ಒಳ್ಳೆಯ ದೇವರಿದ್ದರೆ ಇಷ್ಟು ನೋವೇಕೆ? 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ ಚರ್ಚುಗಳು ತುಂಬಿದ್ದ ಹೊತ್ತಿನಲ್ಲಿ, ಪೋರ್ಚುಗಲ್‌ನ ಲಿಸ್ಬನ್ ಭೂಕಂಪಕ್ಕೆ ಕುಸಿಯಿತು. ನಾವಿರುವುದು ಸಾಧ್ಯವಿದ್ದ ಲೋಕಗಳಲ್ಲೆಲ್ಲ ಅತ್ಯುತ್ತಮವಾದುದರಲ್ಲಿ ಎಂದು 1710ರಲ್ಲಿ ಜರ್ಮನ್ ತತ್ತ್ವಜ್ಞ ಲೈಬ್ನಿಟ್ಸ್ ಕೊಟ್ಟಿದ್ದ ಸಮಾಧಾನವನ್ನು ಫ್ರೆಂಚ್ ಲೇಖಕ ವೋಲ್ಟೇರ್ ಆ ದುರಂತದ ಹಿನ್ನೆಲೆಯಲ್ಲಿ ಸೀಳಿಹಾಕಿದ.

ಭಾರತದ ಉತ್ತರ ಕರ್ಮ. ಶಂಕರಾಚಾರ್ಯರು ಬ್ರಹ್ಮಸೂತ್ರದ ಎರಡನೇ ಅಧ್ಯಾಯದ ಭಾಷ್ಯದಲ್ಲಿ ಈಶ್ವರನಿಗೆ ಪಕ್ಷಪಾತವಾಗಲಿ ನಿರ್ದಯೆಯಾಗಲಿ ಇಲ್ಲವೆನ್ನುತ್ತ ಮಳೆಯ ದೃಷ್ಟಾಂತ ಕೊಡುತ್ತಾರೆ. ಮಳೆ ಎಲ್ಲ ಹೊಲಕ್ಕೂ ಒಂದೇ. ಒಂದು ಕಡೆ ಭತ್ತ, ಇನ್ನೊಂದು ಕಡೆ ಜವೆಗೋಧಿ ಬೆಳೆಯುವುದು ಬೀಜದ ವ್ಯತ್ಯಾಸದಿಂದ. ಹಾಗೆಯೇ ಜೀವರ ಸುಖದುಃಖ ಅವರವರ ಕರ್ಮದಿಂದ. ಮೊದಲ ಕರ್ಮ ಎಲ್ಲಿಂದ ಬಂತೆಂದರೆ, ಸಂಸಾರಕ್ಕೆ ಆದಿಯೇ ಇಲ್ಲ. ತರ್ಕದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಉತ್ತರ. ದೇವರ ಮೇಲಿನ ಆರೋಪವನ್ನು ಇಳಿಸಿತು, ಸರಿ. ಅದು ಇಳಿದದ್ದು ಯಾರ ತಲೆಯ ಮೇಲೆ? ಹುಟ್ಟು ಕುರುಡಾದ ಮಗುವಿನ ಮೇಲೆ, ಊರ ಹೊರಗೆ ತಳ್ಳಿಸಿಕೊಂಡವರ ಮೇಲೆ. ಹಿಂದಿನ ಜನ್ಮದ ಕರ್ಮ ಎಂಬ ವಿವರಣೆ ಬಡವರ, ದಲಿತರ ಸ್ಥಿತಿಗೆ ಸಮಾಜ ಹೊರಬೇಕಾದ ಹೊಣೆಯನ್ನು ತಪ್ಪಿಸುತ್ತದೆ ಎಂದು ಅಂಬೇಡ್ಕರ್ ತಮ್ಮ ಕೊನೆಯ ಗ್ರಂಥ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ವಾದಿಸಿದರು. ಕರ್ಮವಾದದ ಮೇಲೆ ಬಂದ ಟೀಕೆಗಳಲ್ಲಿ ಇದಕ್ಕಿಂತ ಭಾರವಾದದ್ದು ಇಲ್ಲ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಎ.ಎನ್. ಮೂರ್ತಿರಾವ್. 1900ರಲ್ಲಿ ಹುಟ್ಟಿದ ಅವರು ‘ದೇವರು’ ಪುಸ್ತಕವನ್ನು ಪ್ರಕಟಿಸಿದ್ದು 1991ರಲ್ಲಿ. ತೊಂಬತ್ತು ದಾಟಿದ ಪ್ರಬಂಧಕಾರ, ಕರುಣಾಳುವೂ ಸರ್ವಶಕ್ತನೂ ಆದ ದೇವರನ್ನು ತಮಗೆ ಏಕೆ ಒಪ್ಪಲಾಗದು ಎನ್ನುವುದನ್ನು ಕೂಗಾಟವಿಲ್ಲದೆ, ಮನೆಯ ಜಗುಲಿಯ ಮಾತಿನಲ್ಲಿ ವಿವರಿಸಿದ ಪುಸ್ತಕ ಅದು. ಮತ್ತೆ ಮತ್ತೆ ಮುದ್ರಣಗೊಂಡ ಅದನ್ನು ಪೂಜೆ ಪುನಸ್ಕಾರಗಳಿರುವ ಮನೆಗಳಲ್ಲೂ ಓದಿದರು.

ಲಿಸ್ಬನ್ ಎಬ್ಬಿಸಿದ ಪ್ರಶ್ನೆ ನಮ್ಮಲ್ಲೂ ಎದ್ದಿತು. 1934ರ ಜನವರಿ 15ರಂದು ಬಿಹಾರದಲ್ಲಿ ಭಾರೀ ಭೂಕಂಪವಾಯಿತು. ಉದಯನ ಬಾಳಿದ ಮಿಥಿಲೆ ನೆಲಕಚ್ಚಿತು. ಸತ್ತವರು ಹತ್ತು ಸಾವಿರಕ್ಕೂ ಮಿಕ್ಕಿ. ಆಗ ಅಸ್ಪೃಶ್ಯತೆಯ ವಿರುದ್ಧ ತಮಿಳುನಾಡಿನಲ್ಲಿ ಪ್ರವಾಸ ಮಾಡುತ್ತಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ರವೀಂದ್ರನಾಥ ಟ್ಯಾಗೋರ್ ನೊಂದುಕೊಂಡು ಪ್ರತಿಭಟಿಸಿದರು. ಭೌತಿಕ ಉತ್ಪಾತಕ್ಕೆ ಕಾರಣಗಳೂ ಭೌತಿಕವೇ. ನೀತಿಯನ್ನು ಭೂಕಂಪದ ಜೊತೆ ಗಂಟುಹಾಕಿದರೆ ನಾಳೆ ಎದುರಾಳಿಗಳು ಈ ಅನಾಹುತ ಗಾಂಧಿಯ ಚಳವಳಿಯಿಂದಲೇ ಆಯಿತೆನ್ನಬಹುದು ಎಂದು ಎಚ್ಚರಿಸಿದರು. ಗಾಂಧೀಜಿ ಆ ಹೇಳಿಕೆಯನ್ನು ತಮ್ಮದೇ ‘ಹರಿಜನ’ ಪತ್ರಿಕೆಯಲ್ಲಿ ಅಚ್ಚುಮಾಡಿ, ಪಕ್ಕದಲ್ಲೇ ತಮ್ಮ ಉತ್ತರ ಬರೆದರು. ತರ್ಕದ ಮಟ್ಟಿಗೆ ಟ್ಯಾಗೋರರೇ ಸರಿ. ಮಡಿದವರಲ್ಲಿ ಅಸ್ಪೃಶ್ಯರೂ ಇದ್ದರೆಂಬ ಒಂದೇ ಸಂಗತಿ ಗಾಂಧೀಜಿಯ ವಿವರಣೆಯನ್ನು ಕುಸಿಯುವಂತೆ ಮಾಡುತ್ತದೆ.

ಅದೇ ಗಾಂಧೀಜಿಯ ಬಳಿಗೆ 1944ರಲ್ಲಿ ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರ ರಾವ್, ಬಂದರು. ಸಸ್ಯಶಾಸ್ತ್ರದ ಅಧ್ಯಾಪಕರಾಗಿದ್ದ ಗೋರಾ ಮೇಲ್ಜಾತಿಯಲ್ಲಿ ಹುಟ್ಟಿ ಜನಿವಾರ ಬಿಟ್ಟವರು, 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಕಟ್ಟಿದವರು. ದೇವರನ್ನು ನಂಬಿದಷ್ಟೂ ಮನುಷ್ಯ ತನ್ನ ಹೊಣೆಯನ್ನು ಅವನ ಮೇಲೆ ಹಾಕಿ ಸುಮ್ಮನಾಗುತ್ತಾನೆ, ಅಸ್ಪೃಶ್ಯತೆ ಹೋಗಬೇಕಾದರೆ ಮೊದಲು ಆ ನಂಬಿಕೆ ಹೋಗಬೇಕು ಎನ್ನುವುದು ಅವರ ವಾದ. ಸೇವಾಗ್ರಾಮದಲ್ಲಿ ಇಬ್ಬರೂ ಹಲವು ಬಾರಿ ಮಾತಾಡಿದರು. ಗಾಂಧೀಜಿ ಈಶ್ವರನನ್ನು ಬಿಡಲಿಲ್ಲ, ಗೋರಾ ನಾಸ್ತಿಕತೆಯನ್ನು ಬಿಡಲಿಲ್ಲ. ಆ ಮಾತುಕತೆಗಳನ್ನು ಗೋರಾ 1951ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ತಮ್ಮ ಮಗಳನ್ನು ದಲಿತ ಯುವಕನಿಗೆ ಮದುವೆ ಮಾಡಿಕೊಡಲು ಗೋರಾ ನಿಶ್ಚಯಿಸಿದಾಗ ಮದುವೆ ಸೇವಾಗ್ರಾಮದಲ್ಲೇ ಆಗಲಿ ಎಂದರು ಗಾಂಧೀಜಿ. ಆಶ್ರಮದ ವಿವಾಹವಿಧಿಯಲ್ಲಿ ದೇವರ ಹೆಸರು ಬರುವಲ್ಲಿ ಸತ್ಯದ ಹೆಸರು ಹೇಳಿಸಲೂ ಒಪ್ಪಿದರು. ಅಷ್ಟರಲ್ಲಿ ಅವರ ಹತ್ಯೆಯಾಯಿತು. 1948ರ ಮಾರ್ಚ್‌ನಲ್ಲಿ, ಅವರು ಒಪ್ಪಿದ್ದಂತೆಯೇ, ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು.